ಎಷ್ಟು ಪರ್ಸೆಂಟ್?

ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪನಿಗೆ ನನ್ನ ಬಗ್ಗೆ ಇದ್ದದ್ದು ಒಂದೇ ಕನಸು. ಆಳಂದದಲ್ಲಿ ನನಗೊಂದು ಎಸ್‌ಟಿಡಿ ಬೂತ್ ಹಾಕಿಸಿಕೊಡಬೇಕು. ಆಗ ಫೋನ್ ಬೂತ್ ಮಂಜೂರು ಮಾಡುವಾಗ ಅಂಗವಿಕಲರಿಗೆ ಆದ್ಯತೆ ಇತ್ತು. ಪೇಟೆಗೆ ಹೋದಾಗಲೆಲ್ಲ ಅಪ್ಪ, ಊರುಗೋಲನ್ನು ಗೋಡೆಗೆ ಆನಿಸಿಟ್ಟು ಗಾಜಿನ ಡಬ್ಬಿಯಲ್ಲಿ ಕುಳಿತವರನ್ನು ತೋರಿಸಿ, "ನೋಡವ್ವ, ಕುಂತಲ್ಲೇ ದುಡಿಬಹುದು. ಯಾರಿಗೂ ಕೈ ಚಾಚೋದು ಬ್ಯಾಡ" ಎನ್ನುತ್ತಿದ್ದ. ಎರಡು ವರ್ಷದವಳಿದ್ದಾಗ ಬಂದ ಪೋಲಿಯೊದಿಂದ ನನ್ನ ಎಡಗಾಲು ಸೊರಗಿತ್ತು. ಹೊಲದ ಕೆಲಸ ಆಗದು, ಮದುವೆ ಕಷ್ಟ, ಆದ್ದರಿಂದ ಬೂತ್. ಅಪ್ಪನ ಲೆಕ್ಕ ಅಷ್ಟು ಸರಳವಾಗಿತ್ತು.

ನಾನು ಪಿಯುಸಿ ಮುಗಿಸುವ ಹೊತ್ತಿಗೆ ಎಲ್ಲರ ಕಿಸೆಗೂ ಮೊಬೈಲ್ ಬಂತು. ಬೂತುಗಳು ಒಂದೊಂದಾಗಿ ಬಾಗಿಲು ಹಾಕಿದವು. ಅಪ್ಪ ತೋರಿಸುತ್ತಿದ್ದ ಡಬ್ಬಿಯಲ್ಲಿ ಈಗ ಯಾರೋ ಜೆರಾಕ್ಸ್ ಯಂತ್ರ ಇಟ್ಟುಕೊಂಡಿದ್ದಾರೆ. ಅಲ್ಲಿ ಕೂರುತ್ತಿದ್ದವರು ಎಲ್ಲಿಗೆ ಹೋದರೆಂದು ಯಾರೂ ಕೇಳಲಿಲ್ಲ. ಅವರ ಜೊತೆ ಒಂದು ಆಲೋಚನೆಯೂ ಮುಳುಗಬೇಕಿತ್ತು, ಆದರೆ ಅದು ಮುಳುಗಲಿಲ್ಲ. ಒಂದೊಂದು ನಮೂನೆಯ ದೇಹಕ್ಕೆ ಒಂದೊಂದು ಕೆಲಸ ಎಂಬ ಆಲೋಚನೆ ಅದು: ಕಾಲಿಲ್ಲದವರಿಗೆ ಬೂತ್, ಕಿವಿ ಕೇಳದವರಿಗೆ ಹೊಲಿಗೆ, ಕಣ್ಣಿಲ್ಲದವರಿಗೆ ಸಂಗೀತ.

ಸಂಗೀತದ ಮಾತು ಬಂದರೆ ನಮ್ಮ ಭಾಗದವರಿಗೆ ಮೊದಲು ನೆನಪಾಗುವುದು ಗದಗಿನ ವೀರೇಶ್ವರ ಪುಣ್ಯಾಶ್ರಮ. ಸ್ವತಃ ಕಣ್ಣು ಕಾಣದ ಪಂಚಾಕ್ಷರಿ ಗವಾಯಿಗಳು (1892–1944), ಅವರ ನಂತರ ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010) ಅಲ್ಲಿ ಮಾಡಿದ್ದು ಅನ್ನದಾನ ಮಾತ್ರ ಅಲ್ಲ. ಹಳ್ಳಿಗಳಲ್ಲಿ ಮೂಲೆ ಹಿಡಿದಿದ್ದ ಅಂಧ ಮಕ್ಕಳಿಗೆ ಹಾರ್ಮೋನಿಯಂ, ತಬಲಾ, ಕೀರ್ತನ ಕಲಿಸಿ, ತಮ್ಮ ಹೊಟ್ಟೆ ತಾವು ಹೊರೆಯುವಂತೆ ಮಾಡಿದರು. ಅಲ್ಲಿ ಕಲಿತವರು ಸಂಗೀತ ಶಿಕ್ಷಕರಾದರು, ಕೀರ್ತನಕಾರರಾದರು. ಸರಕಾರಕ್ಕೆ ಮೀಸಲಾತಿಯ ಯೋಚನೆ ಹೊಳೆಯುವುದಕ್ಕೆ ಎಷ್ಟೋ ದಶಕಗಳ ಮೊದಲು ನಡೆದ ಕೆಲಸವಿದು. ಆದರೆ ಊರಿನವರು ಅದರಿಂದ ಕಲಿತ ಪಾಠ ಅರ್ಧ. ಕಣ್ಣಿಲ್ಲದ ಕೂಸು ಹುಟ್ಟಿದರೆ "ಗದಗಿಗೆ ಕಳಸ್ರಿ" ಎಂದರು. ಆ ಕೂಸಿಗೆ ಸ್ವರಜ್ಞಾನ ಇದೆಯೋ ಇಲ್ಲವೋ, ಅದಕ್ಕೆ ಲೆಕ್ಕ ಇಷ್ಟವೋ ಕಾನೂನು ಇಷ್ಟವೋ ಎಂದು ಕೇಳುವ ರೂಢಿ ಬರಲಿಲ್ಲ.

ನನಗೆ ಕೆಲಸ ಸಿಕ್ಕಿದ್ದು 2009ರಲ್ಲಿ, ನನ್ನ ಸೊರಗಿದ ಕಾಲಿನ ದೆಸೆಯಿಂದಲೇ. ಪ್ರತಿ ಗ್ರಾಮ ಪಂಚಾಯಿತಿಗೆ ಒಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ನೇಮಿಸಬೇಕು, ಆ ವ್ಯಕ್ತಿ ಸ್ವತಃ ಅಂಗವಿಕಲರಾಗಿರಬೇಕು, ಅದೇ ಪಂಚಾಯಿತಿಯವರಾಗಿರಬೇಕು ಎಂಬ ಯೋಜನೆಯನ್ನು ಕರ್ನಾಟಕ ಸರಕಾರ 2007–08ರ ಸುಮಾರಿಗೆ ತಂದಿತ್ತು. ಜನ ನಮ್ಮನ್ನು ವಿ.ಆರ್.ಡಬ್ಲ್ಯೂ. ಅನ್ನುತ್ತಾರೆ. ಸಿಗುವುದು ಸಂಬಳವಲ್ಲ, ಗೌರವಧನ. ಮನೆಮನೆಗೆ ಹೋಗಿ ಅಂಗವಿಕಲರನ್ನು ಗುರುತಿಸುವುದು, ಪ್ರಮಾಣಪತ್ರ, ಪಿಂಚಣಿ, ಬಸ್ ಪಾಸ್, ಗಾಲಿಕುರ್ಚಿ ಇವಕ್ಕೆಲ್ಲ ಅರ್ಜಿ ಬರೆಯಿಸುವುದು ನಮ್ಮ ಕೆಲಸ. ಈ ಯೋಜನೆಯ ಹಿಂದೆ ಒಂದು ಜಾಣತನವಿದೆ. ಈ ಕೆಲಸಕ್ಕೆ ಅಂಗವಿಕಲರೇ ಬೇಕು, ಏಕೆಂದರೆ ಕಚೇರಿಯ ಮೆಟ್ಟಿಲು ಎಷ್ಟಿವೆ ಎಂಬುದು ಹತ್ತಲಾಗದವರಿಗಷ್ಟೇ ಗೊತ್ತು.

ಮನೆ ಮನೆ ತಿರುಗುವಾಗ ನಾನು ಕೇಳಲೇಬೇಕಾದ, ನನ್ನನ್ನೂ ಎಲ್ಲರೂ ಕೇಳುವ ಪ್ರಶ್ನೆ ಒಂದಿದೆ: "ಎಷ್ಟು ಪರ್ಸೆಂಟ್?" ವೈದ್ಯರು ಕಾಲು, ಕೈ, ಕಣ್ಣು, ಕಿವಿ ಅಳೆದು ಒಂದು ಸಂಖ್ಯೆ ಬರೆದುಕೊಡುತ್ತಾರೆ. 40 ದಾಟಿದರೆ ಸರಕಾರದ ಕಣ್ಣಿಗೆ ಬೀಳುತ್ತೀರಿ. ಪಿಂಚಣಿಗೆ 40ರಿಂದ 75ರವರೆಗೆ ತಿಂಗಳಿಗೆ 800 ರೂಪಾಯಿ, ಅದರ ಮೇಲೆ 1,400 ರೂಪಾಯಿ. ನಮ್ಮ ಪಂಚಾಯಿತಿಯ ಒಬ್ಬ ಕಾಕಾನ ಎರಡು ಬೆರಳು ತೊಗರಿ ರಾಶಿ ಮಾಡುವ ಯಂತ್ರಕ್ಕೆ ಹೋದವು. ಬೋರ್ಡಿನ ಮುಂದೆ ಆತನ ಸಂಖ್ಯೆ 40 ಮುಟ್ಟಲಿಲ್ಲ. ರಾಶಿ ಕೆಲಸಕ್ಕೆ ಆತನನ್ನು ಯಾರೂ ಕರೆಯುತ್ತಿಲ್ಲ, ಪಿಂಚಣಿಯೂ ಇಲ್ಲ. "ಇನ್ನೊಂದು ಬೆರಳು ಹೋಗಿದ್ರ ಛಲೋ ಇತ್ತೇನವ್ವ?" ಎಂದು ಆತ ನಕ್ಕಾಗ ನನಗೆ ನಗಲು ಬರಲಿಲ್ಲ.

ಈ ಸಂಖ್ಯೆ ಅಳೆಯುವುದು ಏನಿಲ್ಲ ಎಂಬುದನ್ನು. ಇದನ್ನು ತಪ್ಪೆನ್ನಲಾರೆ. ಸವಲತ್ತಿಗೆ ಒಂದು ಗೆರೆ ಬೇಕಾಗುತ್ತದೆ. ಆದರೆ ಕೆಲಸ ಕೊಡುವವರೂ ಇದೇ ಸಂಖ್ಯೆ ಹಿಡಿದು ಕೂತರೆ ದಾರಿ ತಪ್ಪುತ್ತದೆ. ಒಂದು ಕೆಲಸಕ್ಕೆ ಏನೇನು ಬೇಕು ಎಂದು ಅಳೆಯುವ ಬೋರ್ಡು ಎಲ್ಲೂ ಇಲ್ಲ. ಹದಿನೈದು ವರ್ಷಗಳಿಗೂ ಹೆಚ್ಚು ಕಾಲ ಈ ಕೆಲಸ ಮಾಡಿದ ಮೇಲೆ ನನಗೆ ತಿಳಿದಿರುವುದು ಇಷ್ಟು: ಮನುಷ್ಯನನ್ನು ಅಳೆದದ್ದು ಸಾಕು, ಸ್ವಲ್ಪ ಕೆಲಸವನ್ನೂ ಬಿಡಿಸಿ ನೋಡಬೇಕು.

ಮೂರ್ನಾಲ್ಕು ವರ್ಷಗಳ ಹಿಂದೆ ಉದ್ಯೋಗ ಖಾತ್ರಿಯಲ್ಲಿ ಹಳ್ಳದ ಹೂಳು ತೆಗೆಯುವ ಕೆಲಸ ನಡೆದಿತ್ತು. ಕಾಲು ಸ್ವಾಧೀನವಿಲ್ಲದ ಒಬ್ಬ ಅಕ್ಕ ಜಾಬ್ ಕಾರ್ಡ್ ಹಿಡಿದು ಬಂದರೆ, ಅಲ್ಲಿದ್ದವರು "ನಿಂಗ ಆಗಂಗಿಲ್ಲ ಬಿಡು, ಮನ್ಯಾಗ ಕುಂಡ್ರು" ಎಂದು ಕಳಿಸಿದ್ದರು. ಆಕೆ ಅಳುತ್ತ ನನ್ನ ಬಳಿ ಬಂದಳು. ನಾನು ಸ್ಕೂಟರ್ ಹತ್ತಿ ಹಳ್ಳಕ್ಕೆ ಹೋದೆ. ಜಗಳಕ್ಕೇನೂ ಹೋಗಿರಲಿಲ್ಲ. ಅಂಗವಿಕಲರಿಗೆ ಕೆಲಸದ ಪ್ರಮಾಣದಲ್ಲಿ ಶೇ 50ರಷ್ಟು ರಿಯಾಯಿತಿ ಇದೆ, ಕೂಲಿ ಮಾತ್ರ ಪೂರ್ತಿ ಎಂಬ ನಿಯಮ ಅಲ್ಲಿದ್ದ ಯಾರಿಗೂ ಹೊಸದಲ್ಲ. ಆದರೆ ಅರ್ಧ ಗುಂಡಿ ತೋಡಲು ಕೂಡ ಆಕೆಗೆ ಆಗದು ಎಂಬುದು ಅವರ ವಾದ. ಅದೂ ನಿಜ.

ಆಗ ಹಳ್ಳದ ದಂಡೆಯ ಮೇಲೆ ಕೂತು ಎಣಿಸಿದೆವು. ಈ ಜಾಗದಲ್ಲಿ ಏನೇನು ಕೆಲಸ ನಡೆದಿದೆ? ಅಗೆಯುವುದು, ಹೊರುವುದು, ನೀರು ಕೊಡುವುದು, ಕೆಲಸಕ್ಕೆ ಬಂದ ತಾಯಂದಿರ ಕೂಸುಗಳನ್ನು ನೋಡಿಕೊಳ್ಳುವುದು, ಹಾಜರಿ ಹಿಡಿಯುವುದು, ಅಳತೆ ಬರೆದಿಡುವುದು. ಆರರಲ್ಲಿ ಎರಡಕ್ಕೆ ಮಾತ್ರ ಗಟ್ಟಿ ಕಾಲು ಬೇಕು. ಆ ವಾರ ಆಕೆ ನೆರಳಿನಲ್ಲಿ ಕೂಸುಗಳನ್ನು ನೋಡಿಕೊಂಡಳು. ಆಕೆ ಎಸ್ಸೆಸ್ಸೆಲ್ಸಿ ಓದಿದ್ದಾಳೆಂಬುದು ಆಮೇಲೆ ಎಲ್ಲರಿಗೂ ನೆನಪಾಯಿತು. ಮರುವರ್ಷ ಆಕೆಯೇ ಗುಂಪಿನ ಕಾಯಕ ಬಂಧು ಆದಳು. ಬೇರೆ ರಾಜ್ಯಗಳಲ್ಲಿ ಮೇಟ್ ಅನ್ನುವವರಿಗೆ ನಮ್ಮಲ್ಲಿ ಇಟ್ಟ ಹೆಸರು ಅದು. ಮೊಬೈಲಿನಲ್ಲಿ ದಿನಕ್ಕೆ ಎರಡು ಸಲ ಫೋಟೊ ಹಿಡಿದು ಹಾಜರಿ ಹಾಕುವುದು ಆಕೆಯ ಕೆಲಸ. "ಮನ್ಯಾಗ ಕುಂಡ್ರು" ಎಂದಿದ್ದವರೇ ಬೆಳಿಗ್ಗೆ, "ಅಕ್ಕಾ, ನಂದು ಹಾಜರಿ ಬಿತ್ತೇನ್ ನೋಡ್ರಿ" ಎಂದು ಕೇಳುತ್ತಿದ್ದರು.

ಇನ್ನೊಂದು ಸಂಗತಿ ಪೇಟೆಯದು. ಹುಟ್ಟಿನಿಂದ ಕಿವಿ ಕೇಳದ ಒಬ್ಬ ಹುಡುಗ ವೆಲ್ಡಿಂಗ್ ಅಂಗಡಿಯ ಮುಂದೆ ದಿನವೂ ನಿಂತು ನೋಡುತ್ತಿದ್ದ. ಕೈಸನ್ನೆಯಲ್ಲಿ ನನಗೆ ಅದೇ ಕೆಲಸ ಬೇಕೆಂದ. ಮಾಲೀಕ ಒಳ್ಳೆಯ ಮನುಷ್ಯ, ಆದರೆ ಹೆದರಿದ್ದ. "ತಂಗಿ, ಹಿಂದಿನಿಂದ ಗಾಡಿ ಬಂದ್ರ ಕೇಳಂಗಿಲ್ಲ. ಕೂಗಿದ್ರ ತಿರುಗಂಗಿಲ್ಲ. ಏನಾರ ಆದ್ರ ನಾ ಏನ್ ಹೇಳ್ಲಿ ಅವರವ್ವಗ?" ಈ ಪ್ರಶ್ನೆಗೆ ಕಾನೂನಿನ ಕಲಂ ಹೇಳಿದರೆ ಉತ್ತರವಾಗುವುದಿಲ್ಲ. ನಾವು ಮಾಡಿದ್ದು, ಅವನು ಕೂತು ಕೆಲಸ ಮಾಡುವ ಜಾಗದ ಎದುರಿನ ಗೋಡೆಗೆ ಒಂದು ದೊಡ್ಡ ಕನ್ನಡಿ ಹಾಕಿದೆವು. ಬಾಗಿಲ ಬಳಿ ಒಂದು ಗುಂಡಿ ಒತ್ತಿದರೆ ಅವನ ಮುಂದೆ ಹತ್ತಿಕೊಳ್ಳುವ ಕೆಂಪು ಬಲ್ಬ್ ಹಾಕಿದೆವು. ಹೆಲ್ಮೆಟ್ ತೆಗೆದ ಕೂಡಲೇ ಕನ್ನಡಿ ನೋಡುವುದನ್ನು ಅವನು ರೂಢಿ ಮಾಡಿಕೊಂಡ. ಖರ್ಚು ಒಂದು ಸಾವಿರವೂ ಆಗಲಿಲ್ಲ. ಈಗ ಅಂಗಡಿಯ ಉಳಿದಿಬ್ಬರೂ ಆ ಕನ್ನಡಿ ನೋಡಿಯೇ ಕೆಲಸ ಮಾಡುತ್ತಾರೆ, ಏಕೆಂದರೆ ಗ್ರೈಂಡರ್ ತಿರುಗುವಾಗ ಕಿವಿ ಇದ್ದವರಿಗೂ ಏನೂ ಕೇಳುವುದಿಲ್ಲ.

ಊರಿನ ಸ್ವಸಹಾಯ ಸಂಘದ ರೊಟ್ಟಿ ಕೆಲಸದಲ್ಲೂ ಹೀಗೇ ಆಯಿತು. ನಮ್ಮ ಜಿಲ್ಲೆಯಲ್ಲಿ ಹೆಣ್ಣುಮಕ್ಕಳ ಸಂಘಗಳು ಜೋಳದ ರೊಟ್ಟಿಯನ್ನು 'ಕಲಬುರಗಿ ರೊಟ್ಟಿ' ಎಂಬ ಹೆಸರಿನಲ್ಲಿ ದೂರದೂರಕ್ಕೆ ಮಾರುತ್ತಿವೆ. ಅದನ್ನು ಕಂಡು ನಮ್ಮವರೂ ಶುರು ಮಾಡಿದರು. ಬೌದ್ಧಿಕ ಬೆಳವಣಿಗೆ ನಿಧಾನವಾಗಿರುವ ಒಬ್ಬ ಹುಡುಗಿಯನ್ನು ಆಕೆಯ ತಾಯಿ ಬೇರೆ ದಾರಿಯಿಲ್ಲದೆ ಜೊತೆಗೆ ಕರೆತರುತ್ತಿದ್ದಳು. ರೊಟ್ಟಿ ಮಾಡುವುದೆಂದರೆ ಬಡಿಯುವುದು ಎಂದಷ್ಟೇ ನಾವು ತಿಳಿದಿರುತ್ತೇವೆ. ಜೋಳ ಹಸನು ಮಾಡುವುದು, ಹಿಟ್ಟು ನಾದುವುದು, ಬಡಿಯುವುದು, ಬೇಯಿಸುವುದು, ಎಣಿಸಿ ಪ್ಯಾಕ್ ಮಾಡುವುದು, ಫೋನಿನಲ್ಲಿ ಆರ್ಡರ್ ತೆಗೆದುಕೊಳ್ಳುವುದು, ಲೆಕ್ಕ ಬರೆಯುವುದು ಎಲ್ಲ ಸೇರಿ ಒಂದು ರೊಟ್ಟಿ. ಹುಡುಗಿಗೆ ಹತ್ತರ ತನಕ ಎಣಿಸಲು ಬಾರದು. ಸಂಘದ ಒಬ್ಬ ಆಯಿ ಅಳಗುಳಿ ಮಣೆಯಂತೆ ಹತ್ತು ಗುಳಿಯ ಒಂದು ಹಲಗೆ ಮಾಡಿಸಿದಳು. ಒಂದು ರೊಟ್ಟಿ ಇಟ್ಟರೆ ಒಂದು ಗುಳಿಗೆ ಒಂದು ಹುಣಸೆ ಬೀಜ. ಗುಳಿಗಳೆಲ್ಲ ತುಂಬಿದರೆ ಪಾಕೀಟು ಮುಗಿಯಿತು. ಆಕೆಯ ಪಾಕೀಟಿನಲ್ಲಿ ರೊಟ್ಟಿ ಕಮ್ಮಿ ಬಂದಿದೆ ಎಂಬ ದೂರು ಇದುವರೆಗೆ ಬಂದಿಲ್ಲ. ಮಾತಾಡುತ್ತ ಪ್ಯಾಕ್ ಮಾಡುವವರ ಪಾಕೀಟುಗಳದ್ದು ಬಂದಿದೆ.

ದೊಡ್ಡ ಊರುಗಳಲ್ಲಿ ಇದೇ ವಿಚಾರ ದೊಡ್ಡದಾಗಿ ನಡೆದಿದೆ. ಬೆಂಗಳೂರಿನಲ್ಲಿ 2006ರಲ್ಲಿ ಶುರುವಾದ ವಿಂಧ್ಯ ಇ-ಇನ್ಫೋಮೀಡಿಯಾ ಎಂಬ ಕಂಪನಿ ಕಾಲ್ ಸೆಂಟರ್, ಡೇಟಾ ಎಂಟ್ರಿಯ ಕೆಲಸಗಳಿಗೆ ಹೆಚ್ಚಾಗಿ ಅಂಗವಿಕಲರನ್ನೇ ತೆಗೆದುಕೊಂಡು ಬೆಳೆಯಿತು. 2017ರಲ್ಲಿ ಹುಬ್ಬಳ್ಳಿಯಲ್ಲಿ ಶುರುವಾದ ಮಿಟ್ಟಿ ಕೆಫೆ ಇಂದು ಸುಪ್ರೀಂ ಕೋರ್ಟಿನ ಆವರಣದಲ್ಲೂ ಇದೆ. ಬಾಲ್ಯದಲ್ಲೇ ಪೋಲಿಯೊದಿಂದ ಕೈಕಾಲು ಕಳೆದುಕೊಂಡ ಮಂಡ್ಯದ ಕೆ.ಎಸ್. ರಾಜಣ್ಣ ಸ್ವಂತ ಉದ್ಯಮ ನಡೆಸಿ, ಇತರರಿಗೂ ಕೆಲಸ ಕೊಟ್ಟು, 2013ರಲ್ಲಿ ರಾಜ್ಯದ ಅಂಗವಿಕಲರ ಆಯುಕ್ತರಾದರು. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಇವು ನನಗೆ ಧೈರ್ಯ ಕೊಡುವ ಸುದ್ದಿಗಳು. ಆದರೆ ಆಳಂದದಿಂದ ಬೆಂಗಳೂರು ಒಂದು ರಾತ್ರಿಯ ಪ್ರಯಾಣ. ತೊಗರಿ ರಾಶಿ ಮುಗಿದ ಮೇಲೆ ನಮ್ಮಲ್ಲಿ ಅನೇಕ ಮನೆಗಳು ಮುಂಬೈ, ಪುಣೆ, ಸೊಲ್ಲಾಪುರದ ಕಡೆ ದುಡಿಯಲು ಹೋಗುತ್ತವೆ. ಮುದುಕರ ಜೊತೆ ಊರಲ್ಲಿ ಉಳಿಯುವವರು ಅಂಗವಿಕಲರು. ದುಡಿಮೆ ಊರು ಬಿಟ್ಟು ಹೋದಾಗ ಅದರ ಹಿಂದೆ ಹೋಗಲಾಗದವರು ಇವರು.

ಕಾನೂನು ಇಲ್ಲವೆಂದಲ್ಲ. 1995ರ ಕಾಯ್ದೆ ಸರಕಾರಿ ನೌಕರಿಯಲ್ಲಿ ಶೇ 3 ಮೀಸಲಾತಿ ಕೊಟ್ಟಿತ್ತು. 2016ರ ಹೊಸ ಕಾಯ್ದೆ ಅದನ್ನು ಶೇ 4ಕ್ಕೆ ಏರಿಸಿ, ಅಂಗವೈಕಲ್ಯದ ಪಟ್ಟಿಯನ್ನು 7ರಿಂದ 21ಕ್ಕೆ ಹಿಗ್ಗಿಸಿತು. ಕರ್ನಾಟಕದಲ್ಲಿ ಸಿ ಮತ್ತು ಡಿ ಗುಂಪಿನ ಹುದ್ದೆಗಳಿಗೆ ಇದು ಶೇ 5. ನೌಕರಿಯಲ್ಲಿದ್ದಾಗ ಅಂಗವೈಕಲ್ಯ ಬಂದರೆ ತೆಗೆದುಹಾಕುವಂತಿಲ್ಲ, ಅದೇ ಸಂಬಳದ ಬೇರೆ ಹುದ್ದೆ ಕೊಡಬೇಕು ಎಂದೂ ಅದು ಹೇಳುತ್ತದೆ. ಈ ಕಾಯ್ದೆಯ ಬಲದಿಂದ ಶಿಕ್ಷಕರು, ಗುಮಾಸ್ತರು ಆದವರನ್ನು ನಾನು ಬಲ್ಲೆ. ಆದರೆ ಒಂದು ತಾಲೂಕಿನಲ್ಲಿ ಸರಕಾರಿ ಹುದ್ದೆಗಳು ಎಷ್ಟು? ನಮ್ಮ ದುಡಿಮೆ ಇರುವುದು ಹೊಲದಲ್ಲಿ, ಬ್ಯಾಳಿ ಮಿಲ್ಲಿನಲ್ಲಿ, ಅಂಗಡಿಯಲ್ಲಿ, ಮನೆಯಂಗಳದಲ್ಲಿ. 2018ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ 15 ವರ್ಷ ದಾಟಿದ ಅಂಗವಿಕಲರಲ್ಲಿ ದುಡಿಯುತ್ತಿರುವವರು, ದುಡಿಮೆ ಹುಡುಕುತ್ತಿರುವವರು ಎಲ್ಲ ಸೇರಿ ನೂರಕ್ಕೆ 24 ಜನ. ಉಳಿದ 76 ಜನರಲ್ಲಿ ಎಷ್ಟೋ ಮಂದಿ ಹುಡುಕುವುದನ್ನೇ ಬಿಟ್ಟವರು. "ನಿಂಗ ಆಗಂಗಿಲ್ಲ ಬಿಡು" ಎಂಬ ಮಾತನ್ನು ಸಾವಿರ ಸಲ ಕೇಳಿದವರು ಅರ್ಜಿ ಹಾಕುವುದಿಲ್ಲ.

ದುಡಿಮೆಯೆಂದರೆ ಬರೀ ದುಡ್ಡಲ್ಲ ಎಂಬುದನ್ನು ಈ ನೆಲದವರಿಗೆ ಬೇರೆಯವರು ಹೇಳಬೇಕಾಗಿಲ್ಲ. ಶರಣರು ಕಾಯಕ ಮತ್ತು ದಾಸೋಹ ಎರಡನ್ನೂ ಒಟ್ಟಿಗೆ ಇಟ್ಟರು. ದುಡಿದು ತಂದದ್ದರಲ್ಲಿ ಹಂಚುವುದು ದಾಸೋಹ. ಕಲಬುರಗಿಯ ಶರಣಬಸವೇಶ್ವರರನ್ನು ನಾವು ಇಂದಿಗೂ ದಾಸೋಹದ ಹೆಸರಿನಲ್ಲೇ ನೆನೆಯುತ್ತೇವೆ. ಆಳಂದದ ಲಾಡ್ಲೆ ಮಶಾಕರ ದರ್ಗಾಕ್ಕೆ ಹೋಗುವವರೂ ಕೈಲಾದದ್ದು ಕೊಟ್ಟೇ ಬರುತ್ತಾರೆ. ಕೊಡುವ ಕೈಗೆ ಇಲ್ಲಿ ಬರವಿಲ್ಲ. ಆದರೆ ನಮ್ಮಂಥವರನ್ನು ಯಾವಾಗಲೂ ಉಣ್ಣುವ ಪಂಕ್ತಿಯಲ್ಲಿ ಕೂರಿಸಿದರು, ಬಡಿಸುವ ಕಡೆಗೆ ಕರೆಯಲಿಲ್ಲ. ಮೊದಲ ಗೌರವಧನ ಬಂದಾಗ ನಾನು ನಮ್ಮೂರ ಜಾತ್ರೆಯ ದಾಸೋಹಕ್ಕೆ 101 ರೂಪಾಯಿ ಕೊಟ್ಟೆ. ಪಟ್ಟಿ ಬರೆಯುವ ಮುತ್ಯಾ ರೂಢಿಯಂತೆ ಅಪ್ಪನ ಹೆಸರು ಬರೆಯಲು ಹೊರಟರು. "ಮುತ್ಯಾ, ನನ್ನ ಹೆಸರು ಬರೀರಿ" ಅಂದೆ. ಕನ್ನಡಕ ಸರಿಮಾಡಿಕೊಂಡು ನನ್ನನ್ನೊಮ್ಮೆ ನೋಡಿ ಬರೆದರು. ಆ ರಸೀದಿ ಈಗಲೂ ನನ್ನ ಪೆಟ್ಟಿಗೆಯಲ್ಲಿದೆ.

ಇಷ್ಟೆಲ್ಲ ಹೇಳಿದ ಮೇಲೂ ನನ್ನನ್ನು ಸೋಲಿಸಿದ ಪ್ರಶ್ನೆಯೊಂದನ್ನು ಹೇಳಬೇಕು. ನಮ್ಮ ಪಂಚಾಯಿತಿಯ ಒಬ್ಬ ಅಂಧ ಹುಡುಗ ಬಿ.ಎ. ಮುಗಿಸಿದ. ಮೊಬೈಲಿನ ಟಾಕ್‌ಬ್ಯಾಕ್ ಅವನಿಗೆ ಕನ್ನಡದಲ್ಲಿ ಎಲ್ಲ ಓದಿ ಹೇಳುತ್ತದೆ. ಅದು ಮಾತಾಡುವ ವೇಗ ನನಗೆ ಅರ್ಥವೇ ಆಗುವುದಿಲ್ಲ, ಅವನಿಗೆ ನೀರು ಕುಡಿದಷ್ಟು ಸಲೀಸು. ಬೆಂಗಳೂರಿನ ಒಂದು ಕಂಪನಿಯಲ್ಲಿ ಗ್ರಾಹಕರ ಫೋನು ಸ್ವೀಕರಿಸುವ ಕೆಲಸ ಸಿಕ್ಕಿತು, ತಿಂಗಳಿಗೆ 14,000 ರೂಪಾಯಿ. ಊರೆಲ್ಲ ಸಂಭ್ರಮ. ಅವನವ್ವ ಮಾತ್ರ ಸುಮ್ಮನಿದ್ದಳು. ನಾನು ಹೋಗಿ ಕೇಳಿದಾಗ ಹೇಳಿದಳು: "ಪಿಂಚಣಿ ಬಂದ್ ಆಗ್ತದ. ಆರು ತಿಂಗಳ ಮ್ಯಾಲ ಕೆಲಸ ಬಿಡಿಸಿ ಕಳಿಸಿದ್ರ, ಮತ್ತ ಪಿಂಚಣಿ ಮಾಡಿಸಾಕ ಎಷ್ಟು ವರ್ಷ ಓಡಾಡ್ಬೇಕವ್ವ? ಸಾವಿರದ ನಾಕ್ನೂರು ಸಣ್ಣದು ಖರೇ. ಆದ್ರ ಅದು ಓಡಿ ಹೋಗಂಗಿಲ್ಲ."

ಆಕೆಯ ಲೆಕ್ಕ ಪಕ್ಕಾ ಇತ್ತು. ಪಿಂಚಣಿಗೆ ಆದಾಯದ ಮಿತಿ ಇದೆ, ದುಡಿಯತೊಡಗಿದರೆ ಅದು ನಿಲ್ಲುತ್ತದೆ. ಆದರೆ ಕಣ್ಣು ಕಾಣದವನು ದುಡಿಯಲು ಹೊರಟಾಗ ಅವನ ಖರ್ಚು ಏರುತ್ತದೆ. ಬೇರೆಯವರು ಬಸ್ಸು ಹತ್ತುವ ಕಡೆ ಅವನಿಗೆ ಆಟೊ ಬೇಕು, ಅಗ್ಗದ ಕೋಣೆ ಬಿಟ್ಟು ಕಚೇರಿಗೆ ಹತ್ತಿರದ ಕೋಣೆ ಹಿಡಿಯಬೇಕು. ಖರ್ಚು ಏರಿದ ದಿನವೇ ಆಸರೆ ಕಿತ್ತುಕೊಳ್ಳುವ ವ್ಯವಸ್ಥೆಯಲ್ಲಿ ಬಡ ತಾಯಿ ಮಗನನ್ನು ಮನೆಯಲ್ಲೇ ಕೂರಿಸಿದರೆ ಅದು ಅಜ್ಞಾನವಲ್ಲ. ಉದ್ಯೋಗಾವಕಾಶ ಹೆಚ್ಚಿಸಬೇಕೆಂದು ಭಾಷಣ ಮಾಡುವವರು ಮೊದಲು ಈ ಗಂಟು ಬಿಚ್ಚಬೇಕು. ಪಿಂಚಣಿಯನ್ನು ಅಂಗವೈಕಲ್ಯದ ಖರ್ಚಿಗೆ ಕೊಡಿ, ದುಡಿಯದೆ ಕೂತದ್ದಕ್ಕಲ್ಲ. ಅಷ್ಟು ಆಗದಿದ್ದರೆ, ಕೆಲಸ ಸಿಕ್ಕ ಮೇಲೂ ಎರಡು ವರ್ಷ ಮುಂದುವರಿಸಿ. ಕೆಲಸ ಹೋದರೆ ಹೊಸ ಅರ್ಜಿ, ಹೊಸ ಬೋರ್ಡು ಎನ್ನದೆ ಹಳೆಯದನ್ನೇ ಶುರು ಮಾಡಿ.

ನಾನು ಆಕೆಗೆ ಒಂದು ಸುದ್ದಿ ಹೇಳಿದೆ. ಮಧ್ಯಪ್ರದೇಶದಲ್ಲಿ ದೃಷ್ಟಿಹೀನರು ನ್ಯಾಯಾಧೀಶರಾಗುವಂತಿಲ್ಲ ಎಂಬ ನಿಯಮವಿತ್ತು. ದೃಷ್ಟಿಹೀನ ಅಭ್ಯರ್ಥಿಯೊಬ್ಬರ ತಾಯಿ ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದರು. ಕೋರ್ಟು ಆ ಪತ್ರವನ್ನೇ ಮೊಕದ್ದಮೆಯಾಗಿ ತೆಗೆದುಕೊಂಡಿತು. 2025ರ ಮಾರ್ಚ್ 3ರಂದು, ಕಣ್ಣು ಕಾಣುವುದಿಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ನ್ಯಾಯಾಂಗ ಸೇವೆಯಿಂದ ಹೊರಗಿಡುವಂತಿಲ್ಲ ಎಂದು ತೀರ್ಪು ಕೊಟ್ಟು ಆ ನಿಯಮವನ್ನು ತೆಗೆದುಹಾಕಿತು. ಆಕೆ ಬಹಳ ಹೊತ್ತು ಸುಮ್ಮನೆ ಕೂತು, "ಹಂಗಾದ್ರ ನಂದೂ ಒಂದು ಪತ್ರ ಬರಿ" ಅಂದಳು. ನಾನು ಬರೆದೆ, ಆಕೆ ಹೆಬ್ಬೆಟ್ಟು ಒತ್ತಿದಳು. ಒಂದು ವರ್ಷದ ತನಕ ಮಗನ ಪಿಂಚಣಿ ನಿಲ್ಲಿಸಬಾರದು ಎಂಬುದಷ್ಟೇ ಆಕೆಯ ಬೇಡಿಕೆ. ಪತ್ರ ಕೊಟ್ಟು ತಿಂಗಳುಗಳಾದವು, ಉತ್ತರ ಬಂದಿಲ್ಲ.

ಹುಡುಗ ಉತ್ತರಕ್ಕೆ ಕಾಯಲಿಲ್ಲ. ಒಂದು ಭಾನುವಾರ ರಾತ್ರಿ ಬಸ್ಸು ಹತ್ತಿದ. ತಿಂಗಳ ಕೊನೆಗೆ ಅವ್ವನ ಖಾತೆಗೆ 2,000 ರೂಪಾಯಿ ಹಾಕಿದ. ಮೊನ್ನೆ ಜಾತ್ರೆಯ ಪಟ್ಟಿ ಎತ್ತುವವರು ಓಣಿಗೆ ಬಂದಾಗ ಆಕೆ ದಾಸೋಹಕ್ಕೆ 101 ರೂಪಾಯಿ ಕೊಟ್ಟು, ಮಗನ ಹೆಸರಿನಲ್ಲಿ ರಸೀದಿ ಹರಿಸಿದಳು. ಆಕೆಗೆ ಓದಲು ಬಾರದು. ರಸೀದಿ ಹಿಡಿದು ನಮ್ಮ ಮನೆಗೆ ಬಂದು, "ಅವನ ಹೆಸರು ಬರೋಬ್ಬರಿ ಬರದಾರೇನ್ ನೋಡವ್ವ" ಅಂದಳು.

ಬರೋಬ್ಬರಿ ಬರೆದಿದ್ದರು.